ಒಲೆಯಿಂದ ಇಳಿಸಿದ ಗಂಜಿ

“ಬುದ್ಧಿ, ಅರಮನೆಯವರು ನನ್ನನ್ನು ಆರೋಗ್ಯಶಾಲೆಗಳ ಅಧಿಕಾರಿಯಾಗಿ ನೇಮಿಸಿದ್ದಾರೆ. ಯಾವ ಚಿಕಿತ್ಸೆಗೆ ಎಷ್ಟು ಕೊಡಬೇಕೆಂದು ನಾಳೆ ಗೊತ್ತುಮಾಡಬೇಕು. ವೈದ್ಯರು ದುಂದು ಮಾಡದಂತೆ ದರ ಇಳಿಸಿದರೆ ಸಾಕಲ್ಲವೇ?” ಎಂದು ಶಿಷ್ಯ ಸಿದ್ದವೀರ ಕೇಳಿದ.

ಗುರುಗಳ ಮುಖ ಕೆಂಪಾಯಿತು. “ಸಾಕಲ್ಲವೇ ಅಂತೆ! ಕೂತುಕೋ. ಕೇಳು” ಎಂದರು.

“ಒಬ್ಬ ರಾಜ ಆರೋಗ್ಯಶಾಲೆ ಕಟ್ಟಿಸಿ ಒಬ್ಬ ವೈದ್ಯನನ್ನು ಇಟ್ಟ. ಕಾಯಿಸಿದ ಕಬ್ಬಿಣದಿಂದ ಹೊಟ್ಟೆಯ ಮೇಲೆ ಬರೆ ಹಾಕುವುದು ಆಗಿನ ದೊಡ್ಡ ಚಿಕಿತ್ಸೆ. ಬರೆಗೊಂದು ಹೊನ್ನು ಎಂದು ರಾಜ ಗೊತ್ತುಮಾಡಿದ. ಬರೆಯನ್ನಾದರೆ ಎಣಿಸಬಹುದು, ನೋಡು. ರೋಗಿಯ ಪಕ್ಕ ಕೂತು ಗಂಜಿ ಕುಡಿಸುವುದನ್ನು ಯಾರು ಎಣಿಸುತ್ತಾರೆ? ಅದಕ್ಕೆ ಏನೂ ಇಡಲಿಲ್ಲ.

“ಮೊದಲು ಕಾಮಾಲೆಗೆ ಬರೆ ಬಿತ್ತು. ಆಮೇಲೆ ತಲೆನೋವಿಗೂ ಬಿತ್ತು, ಕೆಮ್ಮಿಗೂ ಬಿತ್ತು. ಗಂಜಿ ಕಾಯಿಸುತ್ತಿದ್ದ ಮುದುಕಿಯನ್ನು ವೈದ್ಯ ಮನೆಗೆ ಕಳಿಸಿ, ಅದೇ ಒಲೆಯಲ್ಲಿ ಕಬ್ಬಿಣ ಕಾಯಿಸಿದ. ಬೊಕ್ಕಸ ಬರಿದಾಗುತ್ತಿದೆಯೆಂದು ಮಂತ್ರಿ ಗೋಳಾಡಿದ. ರಾಜ ನಿನ್ನ ಹಾಗೇ ಜಾಣ. ಬರೆಗೆ ಅರ್ಧ ಹೊನ್ನು ಮಾಡಿದ. ಮರುದಿನದಿಂದ ಒಂದು ಬರೆ ಬೀಳುತ್ತಿದ್ದ ಕಡೆ ಎರಡು ಬಿದ್ದವು.

“ಬಳೆ ಮಾರುವ ಹೆಂಗಸೊಬ್ಬಳು ತನ್ನ ಮಗುವನ್ನು ಹೊತ್ತುಕೊಂಡು ಬಂದಳು. ವಾಂತಿಭೇದಿಯಾಗಿ ಮಗು ಒಣಗಿಹೋಗಿತ್ತು. ‘ಅಯ್ಯಾ, ಇದಕ್ಕೆ ಬಾಯಾರಿದೆ. ಒಂದಿಷ್ಟು ಗಂಜಿ ಕುಡಿಸಿ’ ಎಂದಳು. ‘ಗಂಜಿ ನಿಲ್ಲಿಸಿದ್ದೇವೆ ತಾಯಿ. ಮಗುವಿನ ಕೈಕಾಲು ಗಟ್ಟಿಯಾಗಿ ಹಿಡಿದುಕೋ’ ಎಂದ ವೈದ್ಯ. ಹಡೆದವಳ ಕೈಯಿಂದಲೇ ಹಿಡಿಸಿದನಲ್ಲೋ, ಪಾಪಿ! ಎರಡು ಬರೆ ಹಾಕಿದ. ಸಂಜೆಯೊಳಗೆ ಮಗು ಹೋಯಿತು.

“ಅವಳು ಆ ಮಗುವನ್ನು ತಂದು ರಾಜನ ಮುಂದೆ ಮಲಗಿಸಿದಳು. ‘ಕೇಳಿದ್ದು ಒಂದು ಗುಟುಕು ಗಂಜಿ, ಮಹಾಸ್ವಾಮಿ’ ಎಂದಳು. ರಾಜ ಸಿಂಹಾಸನದಿಂದ ಎದ್ದ. ವೈದ್ಯನನ್ನು ಕಟುಕ ಎಂದು ಬೈದ. ಬಗ್ಗಿ ಮಗುವಿನ ಹೊಟ್ಟೆ ನೋಡಿದ. ಆಮೇಲೆ ಮಂತ್ರಿಯ ಕಡೆ ತಿರುಗಿ ಹೇಳಿದ: ‘ಎರಡೆರಡು ಹಾಕುತ್ತಿದ್ದಾನೆ. ದರ ಇನ್ನೂ ಇಳಿಸು.’”

ಸಿದ್ದವೀರನ ಕಣ್ಣಲ್ಲಿ ನೀರು ಬಂತು. “ಎಂಥ ನೀಚ ವೈದ್ಯ, ಬುದ್ಧಿ! ಅವನ ಕೈ ಸೇದಿಹೋಗಲಿ” ಎಂದ.

ಗುರುಗಳು ಎದ್ದು ನಿಂತರು.

“ಕಬ್ಬಿಣ ಹಿಡಿದವನು ವೈದ್ಯ, ನಿಜ. ಆದರೆ ಒಲೆಯಿಂದ ಗಂಜಿ ಇಳಿಸುವಂತೆ ಮಾಡಿದವನು ಯಾರು? ಅದನ್ನು ಹೇಳಿ ಅರಮನೆಗೆ ಹೋಗು.”