ಬಿಳಿ ಗಾಡಿಯವನ ಆಯಿಲ್

"ಅಕ್ಕೋರ, ಚಂಪಾಗ ನೀವು ಏನು ಬ್ಯಾರೆ ಕಲಿಸೀರಿ? ಅದನ್ನ ನನಗ ಯಾಕ ಕಲಿಸಲಿಲ್ಲ?"

ಕೇಳಿದವಳು ವತ್ಸಲಾ. ಕೇಳಿದ್ದು ತುಂಗಕ್ಕನವರನ್ನು. ಹುಬ್ಬಳ್ಳಿಯಲ್ಲಿ ಒಂದು ಗ್ಯಾರೇಜಿಗೆ ಗೋಡೆ ತಾಗಿದ ಮನೆಯಲ್ಲಿ ತುಂಗಕ್ಕ ಮೂವತ್ತು ವರ್ಷಗಳಿಂದ ಕಸೂತಿ ಕಲಿಸುತ್ತಿದ್ದರು.

ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿ ಹೊಲಿಯಬೇಕು. ಮುಂದೆ ಹೇಗೋ ಹಿಂದೆಯೂ ಹಾಗೆಯೇ ಕಾಣಬೇಕು. ವತ್ಸಲಾ ಹೊಲಿದ ಗೋಪುರದ ಚಿತ್ತಾರ ಮುಂದೆ ಚೆನ್ನಾಗಿತ್ತು. ಹಿಂದೆ ದಾರ ದಾರಿ ತಪ್ಪಿತ್ತು. ಚಂಪಾಳ ಗೋಪುರಕ್ಕೆ ಮುಂದು ಯಾವುದು, ಹಿಂದು ಯಾವುದು ಎಂದು ಹೇಳಲು ಬರುತ್ತಿರಲಿಲ್ಲ. ಇಬ್ಬರೂ ಒಂದೇ ದಿನ ಸೂಜಿ ಹಿಡಿದವರು. ಆ ದಿನ ಬೆಳಿಗ್ಗೆ ಮದುವೆಯ ಸೀರೆಯೊಂದು ಬಂದಿತ್ತು. ತುಂಗಕ್ಕ ಅದನ್ನು ಚಂಪಾಳ ಮಡಿಲಿಗೆ ಹಾಕಿದ್ದರು.

"ಚಂಪಾನ್ನ ಕೇಳೀಯೇನು?" ಎಂದರು ತುಂಗಕ್ಕ.

"ಕೇಳೀನ್ರಿ. ಏನೋ ಒಂದು ಹೇಳಿ ಸಾಗಹಾಕಿದಳು. ಇದ್ದದ್ದು ಇದ್ದಂಗ ಯಾರರ ಹೇಳ್ತಾರೇನ್ರಿ?"

ತುಂಗಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು. ಗೋಡೆಯಾಚೆ ಯಾರೋ ಗಾಡಿಯೊಂದನ್ನು ಚಾಲೂ ಮಾಡಿ ಬಂದ್ ಮಾಡಿದರು. ತುಂಗಕ್ಕ ಆ ಕಡೆ ಒಮ್ಮೆ ನೋಡಿ ಈ ಕತೆ ಹೇಳಿದರು.

ಇಬ್ಬರು ಡ್ರೈವರುಗಳಿದ್ದರು. ಒಬ್ಬನದು ಕೆಂಪು ಗಾಡಿ, ಇನ್ನೊಬ್ಬನದು ಬಿಳಿ ಗಾಡಿ. ಒಂದೇ ಶೋರೂಮಿನಲ್ಲಿ, ಒಂದೇ ವಾರದಲ್ಲಿ ಕೊಂಡ ಪಿಕಪ್ಪುಗಳು. ಬಣ್ಣವೊಂದು ಬಿಟ್ಟರೆ ಎಲ್ಲ ಒಂದೇ. ಎರಡಕ್ಕೂ ಟರ್ಬೊ ಇಂಜಿನ್. ಬೆಳಗಾಗುತ್ತಲೇ ಅಂಕೋಲೆ ಕಡೆಯ ಬಂದರಿನಲ್ಲಿ ಮೀನು ತುಂಬಿ, ಮೇಲೆ ಐಸು ಸುರಿದು, ಘಟ್ಟ ಹತ್ತಿ ಹುಬ್ಬಳ್ಳಿಗೆ ಮುಟ್ಟಿಸುವುದು ಅವರ ಕೆಲಸ.

ಹುಬ್ಬಳ್ಳಿಯಲ್ಲಿ ಮೀನು ಇಳಿಸಿಕೊಳ್ಳುವವಳು ಒಬ್ಬ ವ್ಯಾಪಾರಿ ಹೆಂಗಸು. ಅವಳದು ಮಾತು ಕಡಿಮೆ. ಗಾಡಿ ನಿಂತೊಡನೆ ಪೆಟ್ಟಿಗೆಯ ಮುಚ್ಚಳ ತೆಗೆದು ಐಸಿನೊಳಗೆ ಕೈ ಇಳಿಸುತ್ತಿದ್ದಳು. ಐಸು ಮೊಣಕೈ ಮುಟ್ಟಿದರೆ ತಲೆ ಆಡಿಸುವಳು. ಮಣಿಕಟ್ಟಿಗೇ ನಿಂತರೆ ಮುಖ ತಿರುಗಿಸುವಳು. ಅವಳ ತಕ್ಕಡಿ ಅಷ್ಟೇ.

ಮೊದಮೊದಲು ಇಬ್ಬರ ಐಸೂ ಮೊಣಕೈ ಮುಟ್ಟುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಕೆಂಪು ಗಾಡಿಯವನ ಐಸು ಮಣಿಕಟ್ಟಿಗೆ ಇಳಿಯಿತು. ಇಬ್ಬರೂ ಒಂದೇ ಹೊತ್ತಿಗೆ ಹೊರಡುತ್ತಿದ್ದರು. ಬಯಲಿನಲ್ಲಿ ಜೋಡಿಯಾಗಿಯೇ ಓಡುತ್ತಿದ್ದರು. ಘಟ್ಟದ ಏರು ಬಂದೊಡನೆ ಬಿಳಿ ಗಾಡಿ ಮುಂದಾಗುತ್ತಿತ್ತು. ಕೆಂಪು ಗಾಡಿ ಏದುಸಿರು ಬಿಡುತ್ತಿತ್ತು. ದಿನವೂ ಹಿಂದಿನಿಂದಲೇ ನೋಡಿ ನೋಡಿ, ಕೆಂಪು ಗಾಡಿಯವನಿಗೆ ತನ್ನ ಗಾಡಿಯ ನಂಬರಿಗಿಂತ ಬಿಳಿ ಗಾಡಿಯ ನಂಬರೇ ಚೆನ್ನಾಗಿ ಬಾಯಿಗೆ ಬಂದಿತ್ತು.

ಒಂದು ದಿನ ವ್ಯಾಪಾರಿ ಹೆಂಗಸು ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದಳು. "ಅಮಾಸಿ ಕಳದ ಮ್ಯಾಲೆ ನನಗ ಒಂದ ಗಾಡಿ ಸಾಕು. ದಿನದ ಲೋಡು ಅದಕ್ಕ. ಯಾರದು ಅಂತ ಅಲ್ಲೀತನಕ ನೋಡ್ತೀನಿ."

ಅಮಾವಾಸ್ಯೆಗೆ ಹದಿನೈದು ದಿನವಿತ್ತು.

ಅಂದಿನಿಂದ ಕೆಂಪು ಗಾಡಿಯವನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಬಿಳಿ ಗಾಡಿಯವನು ಶಿಳ್ಳೆ ಹಾಕಿದರೆ ಅದು ತನಗೇ ಹಾಕಿದ್ದು ಅನಿಸಿತು. ಅವನು ಕನ್ನಡಿ ಒರೆಸಿಕೊಂಡರೂ ತನ್ನನ್ನು ಅಣಕಿಸಲೆಂದೇ ಒರೆಸುತ್ತಾನೆ ಅನಿಸಿತು. ಅವನ ಬುತ್ತಿಯ ರೊಟ್ಟಿ ಕೂಡ ತನ್ನ ರೊಟ್ಟಿಗಿಂತ ಅಗಲವಾಗಿ ಕಂಡಿತು. ಒಂದೇ ಗಾಡಿ, ಒಂದೇ ದಾರಿ. ಅವನು ಮುಂದೆ, ತಾನು ಹಿಂದೆ. ಅಂದಮೇಲೆ ಅವನಲ್ಲಿ ಏನೋ ಗುಟ್ಟಿದೆ. ಕೆಂಪು ಗಾಡಿಯವನು ದಾರಿ ನೋಡುವುದು ಬಿಟ್ಟು ಅವನನ್ನು ನೋಡತೊಡಗಿದ.

ನೋಡಿದ್ದಕ್ಕೆ ಎರಡು ಸಂಗತಿ ಸಿಕ್ಕವು.

ಘಟ್ಟದ ತಲೆಯಲ್ಲಿ ಒಂದು ಚಹಾದಂಗಡಿ. ಇಬ್ಬರೂ ಅಲ್ಲಿ ನಿಲ್ಲುತ್ತಿದ್ದರು. ಬಿಳಿ ಗಾಡಿಯವನು ನಿಂತೊಡನೆ ಇಳಿಯುತ್ತಿರಲಿಲ್ಲ. ಇಂಜಿನ್ ಚಾಲೂ ಬಿಟ್ಟು, ಸೀಟಿನಲ್ಲೇ ಕಣ್ಣು ಮುಚ್ಚಿ ಕೂತು, ತುಟಿ ಅಲುಗಿಸುತ್ತಿದ್ದ. ಆಮೇಲೆ ಕೀಲಿ ತಿರುಗಿಸಿ ಇಳಿಯುತ್ತಿದ್ದ. ಇದು ಒಂದು. ಇನ್ನೊಂದು, ಇಂಜಿನ್ ಆಯಿಲ್ ಕಡಿಮೆ ಬಿದ್ದಾಗ ಅವನು ಸೀಟಿನ ಹಿಂದಿನಿಂದ ಶೇಂಗಾ ಎಣ್ಣೆಯ ಹಳೆಯ ಡಬ್ಬಿಯೊಂದನ್ನು ತೆಗೆದು ಅದರಿಂದ ಹೊಯ್ಯುತ್ತಿದ್ದ. ಡಬ್ಬಿಯ ಮೇಲೆ ಆಯಿಲ್ಲಿನ ಹೆಸರಿಲ್ಲ, ನಂಬರಿಲ್ಲ.

ಕೆಂಪು ಗಾಡಿಯವನು ತಡೆಯದೆ ಕೇಳಿಯೇಬಿಟ್ಟ. "ಏನಪಾ, ಗಾಡೀಗೆ ಶೇಂಗಾ ಎಣ್ಣಿ ಕುಡಸ್ತಿಯೇನು? ಒಗ್ಗರಣಿ ಯಾವಾಗ?"

ಬಿಳಿ ಗಾಡಿಯವನು ನಕ್ಕ. "ಇಂಜಿನ್ ಆಯಿಲ್ ಅಣ್ಣಾ. ದೊಡ್ಡ ಕ್ಯಾನ್ ಸೀಟಿನ ಹಿಂದ ಹಿಡಿಯಂಗಿಲ್ಲ. ಮನ್ಯಾಗಿನ ಡಬ್ಬ್ಯಾಗ ಒಂದೀಟು ತುಂಬ್ಕೊಂಡು ಬರ್ತೀನಿ."

"ಯಾವ ಆಯಿಲ್?"

"ತೆಳ್ಳಗಿಂದು. ಗಾಡಿ ಜೋಡಿ ಪುಸ್ತಕ ಕೊಟ್ಟಾರಲ್ಲ, ಅದರಾಗ ನಂಬರ್ ಐತಿ. ನಿನ್ನ ಗಾಡೀಗೂ ಅದ. ಟರ್ಬೊದಾಗ ಒಂದು ಸಣ್ಣ ಗಾಲಿ ಇರತೈತಿ ಅಣ್ಣಾ, ಬಿಸಿ ಹೊಗಿಗೆ ಗಿರಗಿರ ತಿರಗತೈತಿ. ಅದನ್ನ ಹಿಡಿದಿರೋದು ಆಯಿಲ್ ಒಂದ. ಗಟ್ಟಿ ಆಯಿಲ್ ಆ ಸಣ್ಣ ದಾರ್ಯಾಗ ಲಗೂನ ಹೋಗಂಗಿಲ್ಲ."

"ಮತ್ತ ಗಾಡಿ ಚಾಲೂ ಬಿಟ್ಟು ಅದೇನು ಜಪಾ ಮಾಡ್ತಿ?"

"ಜಪಾ ಎಲ್ಲಿಂದು! ನೂರು ಎಣಸ್ತೀನಿ. ಘಟ್ಟ ಹತ್ತಿದ ಟರ್ಬೊ ಕೆಂಡ ಆಗಿರತೈತಿ. ಒಮ್ಮಿಂದೊಮ್ಮೆಲೆ ಬಂದ್ ಮಾಡಿದ್ರ ಒಳಗಿನ ಆಯಿಲ್ ನಿಂತಲ್ಲೇ ಸುಟ್ಟು ಕರಕಾಗತೈತಿ. ನೂರು ಎಣಸೂತನಕ ಆಯಿಲ್ ಓಡಾಡಿ ತಂಪು ಮಾಡತೈತಿ."

"ಅಷ್ಟ?"

"ಅಷ್ಟ ಅಣ್ಣಾ."

ಕೆಂಪು ಗಾಡಿಯವನು ಚಹಾ ಕುಡಿದು ಗಾಡಿ ಹತ್ತಿದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಮಾತು ತಿರುಗಿತು. ಅಮಾವಾಸ್ಯೆ ಹತ್ತಿರವಿದೆ. ಲೋಡು ಸಿಗುವುದು ಒಬ್ಬನಿಗೆ. ಹೀಗಿರುವಾಗ ಯಾವ ಮೂಢ ತನ್ನ ಗುಟ್ಟನ್ನು ಎದುರಾಳಿಗೆ ಬಿಡಿಸಿ ಹೇಳುತ್ತಾನೆ? ಅದೂ ಕೇಳಿದೊಡನೆ, ನಗುನಗುತ್ತ? ತಾನು ಅವನ ಜಾಗದಲ್ಲಿದ್ದರೆ ಏನು ಹೇಳುತ್ತಿದ್ದೆ? ಉಲ್ಟಾ ಹೇಳುತ್ತಿದ್ದೆ.

ಅಲ್ಲಿಗೆ ಅವನಿಗೆ ಎಲ್ಲ ಬೆಳ್ಳಂಬೆಳಕಾಯಿತು. ತೆಳ್ಳಗಿನದು ಅಂದನಲ್ಲ, ಹಾಗಾದರೆ ಗಟ್ಟಿಯದೇ ಸರಿ. ನೂರು ಎಣಿಸು ಅಂದನಲ್ಲ, ಹಾಗಾದರೆ ನಿಂತೊಡನೆ ಬಂದ್ ಮಾಡುವುದೇ ಸರಿ. ಚಾಲೂ ಬಿಟ್ಟು ಕೂರುವುದೆಲ್ಲ ತನ್ನನ್ನು ದಾರಿ ತಪ್ಪಿಸುವ ನಾಟಕ. ಅವನ ಹಳೆಯ ಗಾಡಿ ಹದಿನೆಂಟು ವರ್ಷ ಗಟ್ಟಿ ಆಯಿಲ್ಲನ್ನೇ ಕುಡಿದು ಓಡಿತ್ತು. ಅದಕ್ಕೆ ಟರ್ಬೊ ಇರಲಿಲ್ಲ ಎಂಬುದು ಆಗ ನೆನಪಿಗೆ ಬರಲಿಲ್ಲ. ಈ ಗಾಡಿಗೂ ಮೊದಲ ಸರ್ವಿಸಿನಿಂದ ಅದನ್ನೇ ಹಾಕುತ್ತಿದ್ದ. ತನ್ನ ತಪ್ಪು ಏನಿದ್ದರೂ ಆಯಿಲ್ ಸಾಕಷ್ಟು ಗಟ್ಟಿ ಇಲ್ಲದ್ದು, ಅಷ್ಟೇ ಎಂದುಕೊಂಡ.

ಅಂಗಡಿಗೆ ಹೋಗಿ, ಎಲ್ಲಕ್ಕಿಂತ ಗಟ್ಟಿ ಆಯಿಲ್ ಯಾವುದಿದೆಯೋ ಅದನ್ನು ಕೇಳಿದ. ಅಂಗಡಿಯವನು ಕ್ಯಾನಿನ ಮೇಲೆ ಕೈ ಇಟ್ಟು, "ಇದು ಹಳೀ ಲಾರೀದ್ರಿ. ನಿಮ್ಮದು ಟರ್ಬೊ ಅಲ್ಲೇನು? ಪುಸ್ತಕ ನೋಡೀರಿ?" ಎಂದ.

"ಪುಸ್ತಕ ನೋಡಿ ಗಾಡಿ ಓಡಸಾವರು ಬ್ಯಾರೆ ಅದಾರ. ಅವರಿಗೆ ಹೇಳು."

ಪುಸ್ತಕ ಅವನ ಗಾಡಿಯಲ್ಲೇ ಇತ್ತು. ದೇವರ ಪಟದ ಕೆಳಗಿನ ಖಾನೆಯಲ್ಲಿ, ಪ್ಲಾಸ್ಟಿಕ್ಕಿನ ಚೀಲದೊಳಗೆ, ಕೊಟ್ಟ ದಿನ ಹೇಗಿತ್ತೋ ಹಾಗೆ.

ಆ ರಾತ್ರಿಯೇ ಆಯಿಲ್ ಬದಲಿಸಿ, ಮರುದಿನ ಘಟ್ಟ ಹತ್ತಿ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ನಿಲ್ಲುವುದೇ ತಡ, ಕೀಲಿ ತಿರುಗಿಸಿ ಬಂದ್ ಮಾಡಿದ. ಬಿಳಿ ಗಾಡಿಯವನು ಕಿಟಕಿಯಿಂದ ಕೈ ತೋರಿಸಿ, "ಅಣ್ಣಾ, ನೂರು!" ಎಂದು ಕೂಗಿದ. ನೋಡು, ಎಷ್ಟು ಸಂಕಟ ಆಗುತ್ತಿದೆ ಇವನಿಗೆ, ಎಂದುಕೊಂಡ ಕೆಂಪು ಗಾಡಿಯವನು. ಆ ದಿನ ಚಹಾ ರುಚಿಯಾಗಿತ್ತು.

ಗಟ್ಟಿ ಆಯಿಲ್ಲಿಗೆ ಇಂಜಿನ್ನಿನ ಸದ್ದು ತಗ್ಗಿತು. ಸದ್ದು ತಗ್ಗಿದ್ದೇ ಗುಣ ಎಂದು ಅವನು ನಂಬಿದ. ನಾಲ್ಕನೆಯ ದಿನ ಬಿಳಿ ಗಾಡಿಯ ಟಯರು ಪಂಕ್ಚರ್ ಆಯಿತು. ಕೆಂಪು ಗಾಡಿ ಮೊದಲು ಮುಟ್ಟಿತು. ಆ ದಿನ ಬಂದರಿನಲ್ಲಿ ಐಸನ್ನೂ ಎರಡು ಬುಟ್ಟಿ ಹೆಚ್ಚು ಸುರಿಸಿಕೊಂಡಿದ್ದ. ವ್ಯಾಪಾರಿ ಹೆಂಗಸಿನ ಕೈ ಮೊಣಕೈವರೆಗೆ ಇಳಿಯಿತು, ತಲೆ ಆಡಿತು. ಪಂಕ್ಚರನ್ನೂ ಐಸನ್ನೂ ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಆಯಿಲ್ಲಿಗೆ ಕೈ ಮುಗಿದ. ಅವನಿಗೆ ಸ್ವರ್ಗ ಮೂರೇ ಗೇಣು.

ಹತ್ತನೆಯ ದಿನ ಇಂಜಿನ್ನಿನಿಂದ ಒಂದು ಸಣ್ಣ ಸಿಳ್ಳು ಕೇಳಿತು. ಹನ್ನೆರಡನೆಯ ದಿನ ಅದು ಕಾದ ಕುಕ್ಕರಿನಂತೆ ಕೂಗಿತು. ಅವನು ಗಾಜು ಏರಿಸಿಕೊಂಡು ಓಡಿಸಿದ.

ಅಮಾವಾಸ್ಯೆಯ ದಿನ ಘಟ್ಟದ ನಡುವೆ, ಮೂರನೆಯ ತಿರುವಿನಲ್ಲಿ, ಆ ಕೂಗು ಕೀರಲಾಯಿತು. ಹಿಂದಿನಿಂದ ನೀಲಿ ಹೊಗೆ ಎದ್ದಿತು. ಗಾಡಿ ಎಳೆಯಲಿಲ್ಲ. ತೆವಳಿ ತೆವಳಿ ಅಂಚಿಗೆ ಬಂದು ನಿಂತಿತು. ಬಿಳಿ ಗಾಡಿ ಆಗಲೇ ಮೇಲಿನ ತಿರುವು ದಾಟಿ ಕಣ್ಮರೆಯಾಗಿತ್ತು.

ಬಿಸಿಲೇರಿತು. ಪೆಟ್ಟಿಗೆಗಳ ಅಡಿಯಿಂದ ಐಸು ಕರಗಿ ತೊಟ್ಟಿಕ್ಕತೊಡಗಿತು. ನೀರು ರಸ್ತೆಗೆ ಬಿದ್ದು ಇಳಿಜಾರಿನಲ್ಲಿ ಹರಿಯಿತು. ಕೆಂಪು ಗಾಡಿಯವನು ಆ ನೀರನ್ನೇ ನೋಡುತ್ತ ನಿಂತ. ಬಿಳಿ ಗಾಡಿಯವನು ಈಗ ಎಲ್ಲಿರಬಹುದು, ಎಷ್ಟು ನಗುತ್ತಿರಬಹುದು ಎಂದು ಲೆಕ್ಕ ಹಾಕಿದ.

ಮೇಲಿನ ತಿರುವಿನಿಂದ ಬಿಳಿ ಗಾಡಿ ಕೆಳಗಿಳಿದು ಬಂತು.

"ಕನ್ನಡ್ಯಾಗ ನೀ ಕಾಣಲಿಲ್ಲ. ದಿನಾ ಕಾಣತಿದ್ದಿ," ಎಂದ ಬಿಳಿ ಗಾಡಿಯವನು. "ಅದಕ್ಕ ತಿರುಗಿಸಿಕೊಂಡು ಬಂದೆ. ನಡಿ, ನಿನ್ನ ಪೆಟ್ಟಿಗಿ ನನ್ನ ಪೆಟ್ಟಿಗಿ ಮ್ಯಾಲೆ ಪೇರಿಸೋಣ. ಮೀನಿಗೆ ಏನು ಗೊತ್ತು ಯಾರ ಗಾಡಿ ಅಂತ."

ಇದರಲ್ಲೂ ಏನು ಮಸಲತ್ತಿದೆಯೋ ಎಂದು ಕೆಂಪು ಗಾಡಿಯವನು ಒಂದು ಗಳಿಗೆ ಅನುಮಾನಿಸಿದ. ಆದರೆ ನೀರು ಹರಿಯುತ್ತಿತ್ತು. ಇಬ್ಬರೂ ಸೇರಿ ಪೆಟ್ಟಿಗೆ ದಾಟಿಸಿದರು.

ಎರಡು ಗಾಡಿಯ ಭಾರ ಹೊತ್ತ ಬಿಳಿ ಗಾಡಿ ಎಂದಿನಂತೆ ಓಡಲಿಲ್ಲ. ಹುಬ್ಬಳ್ಳಿ ಮುಟ್ಟುವಾಗ ಹೊತ್ತು ಮೀರಿತ್ತು. ವ್ಯಾಪಾರಿ ಹೆಂಗಸು ಪೆಟ್ಟಿಗೆಗೆ ಕೈ ಇಳಿಸಿದಳು. ಐಸು ಮಣಿಕಟ್ಟಿಗೇ ನಿಂತಿತು.

"ಇಷ್ಟು ಯಾರ ಮೀನು?"

"ಇಬ್ಬರದೂ ಐತ್ರಿ. ಅಣ್ಣನ ಗಾಡಿ ಘಟ್ಟದಾಗ ನಿಂತೈತಿ," ಎಂದ ಬಿಳಿ ಗಾಡಿಯವನು.

ಅವಳು ಮುಖ ತಿರುಗಿಸಲಿಲ್ಲ. ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ಎರಡೂ ಲೋಡು ಹೊತ್ತು ಘಟ್ಟ ಹತ್ತೈತಿ. ನಾಳಿಂದ ಇದ ಬರಲಿ," ಎಂದಳು.

ಕೆಂಪು ಗಾಡಿಯನ್ನು ಎಳೆದು ತಂದು ಗ್ಯಾರೇಜಿಗೆ ಹಾಕಿದರು. ಫಿಟ್ಟರ್ ಟರ್ಬೊ ಬಿಚ್ಚಿದ. ಆಯಿಲ್ ಹೋಗುವ ಸಣ್ಣ ಕೊಳವೆಯೊಳಗೆ ಕರಕು ಕಟ್ಟಿ ಕಲ್ಲಾಗಿತ್ತು. ಗಾಲಿಯ ಕಡ್ಡಿ ಸುಟ್ಟು ನೀಲಿಯಾಗಿತ್ತು. ಫಿಟ್ಟರ್ ಅದನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಇದಕ್ಕ ತೆಳ್ಳಗಿನ ಆಯಿಲ್ ಹಾಕಬೇಕ್ರಿ, ಪುಸ್ತಕದಾಗ ನಂಬರ್ ಐತಿ. ಘಟ್ಟ ಹತ್ತಿದ ಮ್ಯಾಲೆ ಒಂದೀಟು ಹೊತ್ತು ಚಾಲೂ ಬಿಡಬೇಕು. ಯಾರೂ ಹೇಳಲಿಲ್ಲೇನ್ರಿ ನಿಮಗ?"

ಕೆಂಪು ಗಾಡಿಯವನು ಆ ನೀಲಿ ಕಡ್ಡಿಯನ್ನು ಬಹಳ ಹೊತ್ತು ನೋಡಿದ. ಅವನಿಗೆ ಶೇಂಗಾ ಎಣ್ಣೆಯ ಡಬ್ಬಿ ಕಣ್ಣ ಮುಂದೆ ಬಂತು. ಕಿಟಕಿಯಿಂದ ಹೊರಗೆ ಚಾಚಿದ ಕೈ ಬಂತು. ನೂರು ಎಂದ ಕೂಗು ಕಿವಿಗೆ ಬಂತು. ಬಂದ ಹಾಗೆಯೇ ಹೊಟ್ಟೆಯಲ್ಲಿ ಕಿಚ್ಚು ಇನ್ನೊಮ್ಮೆ ಎದ್ದಿತು. ಬಿಳಿ ಗಾಡಿಯವನು ಸುಳ್ಳು ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

"ಇಲ್ಲ," ಎಂದ. "ಯಾರೂ ಹೇಳಲಿಲ್ಲ."

ತುಂಗಕ್ಕ ಇಷ್ಟು ಹೇಳಿ ಕತೆ ನಿಲ್ಲಿಸಿದರು.

ವತ್ಸಲಾಳಿಗೆ ಸಿಟ್ಟು ತಡೆಯಲಾಗಲಿಲ್ಲ. "ಇಲ್ಲ ಅಂದನೇನ್ರಿ? ಎಂಥಾ ಮನಷ್ಯಾರಿ ಅಂವ! ಪಾಪ ಆ ಬಿಳಿ ಗಾಡಿಯಂವ ಅಷ್ಟು ಬಿಡಿಸಿ ಹೇಳಿದ್ದ. ಸುಮ್ಮನ ಹೇಳಿದಂಗ ಮಾಡಿದ್ರ ಮುಗೀತಿತ್ತಲ್ಲರಿ. ಹೇಳಿದವರನ್ನ ನಂಬಲಿಕ್ಕೆ ಏನಾಗಿತ್ತು ಅವಗ?"

ತುಂಗಕ್ಕ ಪಕ್ಕಕ್ಕಿಟ್ಟ ಬಟ್ಟೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಚುಚ್ಚಿಟ್ಟ ಸೂಜಿಯನ್ನು ಬಿಡಿಸಿಕೊಂಡರು.

"ಚಂಪಾ ನಿನಗ ಏನು ಹೇಳಿದಳು?"

ವತ್ಸಲಾ ತನ್ನ ಗೋಪುರವನ್ನು ಹಿಂದುಮುಂದಾಗಿ ತಿರುಗಿಸಿ, ದಾರಿ ತಪ್ಪಿದ ದಾರವನ್ನು ಬಿಚ್ಚತೊಡಗಿದಳು.