ಪಂದ್ಯ ಗೆದ್ದ ಒಂಟಿ ಪಾಚಿ

ಊರ ಕೆರೆಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು ಹಸಿರು ಪಾಚಿಯಿತ್ತು. ಮೈಯೆಲ್ಲ ಸೇರಿ ಒಂದೇ ಜೀವಕಣ, ಈಜಲು ಎರಡು ಬಾಲ, ಜಂಬ ಮಾತ್ರ ಕೆರೆ ತುಂಬ. ಆದರೂ ತನ್ನಂಥವೇ ನೂರಾರು ಹಸಿರು ಕಣಗಳು ಅಂಟಿಕೊಂಡು ಒಂದೇ ಚೆಂಡಾಗಿ ಬಿಸಿಲಿಗೆ ಉರುಳಿಹೋಗುವುದನ್ನು ಕಂಡಾಗಲೆಲ್ಲ ಅದರ ಜೀವ ಅತ್ತಲೇ ಎಳೆಯುತ್ತಿತ್ತು.

ಒಂದು ದಿನ ಚೆಂಡಿನ ಅಂಚಿನ ಕಣವನ್ನು ಕೇಳಿಯೇ ಬಿಟ್ಟಿತು: “ಅಕ್ಕಾ, ನನ್ನಂಥ ಈಜುಗಾರ ಈ ಕೆರೆಯಲ್ಲೇ ಇಲ್ಲ. ನನ್ನನ್ನೂ ಸೇರಿಸಿಕೋ.”

“ನಿನ್ನ ಒಡಹುಟ್ಟಿದವರು ಎಲ್ಲಿ ತಮ್ಮಾ?”

“ಮೂವರಿದ್ದರು. ಹುಟ್ಟಿದ ಗಳಿಗೆಯಲ್ಲೇ ಅವರನ್ನು ಒದ್ದು ಬಂದೆ. ಮೊದಲು ಬಿಸಿಲು ಮುಟ್ಟುವ ಪಂದ್ಯ, ಗೆದ್ದವನು ನಾನೇ!”

“ನಾವು ಆ ಪಂದ್ಯವನ್ನೇ ಆಡಲಿಲ್ಲ. ಇಲ್ಲಿ ಹೊರಗಿನಿಂದ ಬಂದು ಸೇರಿದವರು ಯಾರೂ ಇಲ್ಲ. ಒಬ್ಬಳೇ ತಾಯಿ ಮೈ ಒಡೆದು ಮಕ್ಕಳಾದಾಗ ಒಬ್ಬರನ್ನೊಬ್ಬರು ಬಿಟ್ಟುಹೋಗದೆ ಉಳಿದವರು ನಾವು.”

ಚೆಂಡು ಉರುಳಿಹೋಯಿತು. ಅದು ಕಣ್ಮರೆಯಾಗುವ ತನಕ ಪಾಚಿ ನೋಡಿತು.

ಮುಂದೊಂದು ದಿನ ಪಾಚಿಗೂ ಒಡೆದು ಮಕ್ಕಳಾಗುವ ಹೊತ್ತು ಬಂತು. ಬಾಲಗಳು ಉದುರಿದವು, ಪಾಚಿ ಕೆಸರಿಗಿಳಿಯಿತು. ಮೈ ನಾಲ್ಕಾಗಿ ಸೀಳುವಾಗ, “ಮಕ್ಕಳೇ, ನನ್ನಂಥ ಈಜುಗಾರ...” ಎಂದು ಶುರುಮಾಡಿತು. “ಅದಿರಲಿ. ಒಬ್ಬರನ್ನೊಬ್ಬರು ಬಿಡಬೇಡಿ.”

ನಾಲ್ಕು ಮರಿಗಳೂ ಅಂಟಿಕೊಂಡೇ ಬಿಸಿಲಿಗೆ ಎದ್ದವು. ಮಾತು ಹೇಳಿದ ಪಾಚಿಯನ್ನು ಸುತ್ತಲೂ ಹುಡುಕಿದವು. ಅದು ಎಲ್ಲೂ ಇರಲಿಲ್ಲ. ಆ ನಾಲ್ಕೂ ಅದೇ ಆಗಿದ್ದವು.