ಪ್ರಾಧ್ಯಾಪಕರ ಎಡದವಡೆ

"ಗುರುಗಳೇ, ನಾವು ಯಾರಿಗೆ ತಪ್ಪು ಮಾಡಿದೆವೋ ಅವರು ತೀರಿಕೊಂಡುಬಿಟ್ಟರೆ, ಆಮೇಲೆ ಕ್ಷಮೆ ಕೇಳುವುದು ಹೇಗೆ?" ಎಂದು ಚನ್ನವೀರ ಕೇಳಿದ.

ಅವನಿಗೆ ಅಕ್ಷರ ಕಲಿಸಿದ ಮೇಷ್ಟರು ಹಿಂದಿನ ವಾರ ತೀರಿಕೊಂಡಿದ್ದರು. ತಪ್ಪೇನೆಂದು ಅವನು ಹೇಳಲಿಲ್ಲ. ಗುರುಗಳೂ ಕೆದಕಲಿಲ್ಲ.

"ಒಂದು ಹಲ್ಲಿನ ಕತೆ ಹೇಳುತ್ತೇನೆ," ಎಂದರು ಗುರುಗಳು. "ಇದನ್ನು ಹೇಳುವುದಕ್ಕೆ ನನಗಿಂತ ಯೋಗ್ಯ ಈ ಸೀಮೆಯಲ್ಲೇ ಇಲ್ಲ. ಸುಳ್ಳು ಹೇಳಿದರೆ ಹಲ್ಲು ಉದುರುತ್ತದಂತೆ. ನನಗೆ ಆ ಭಯವಿಲ್ಲ, ಉಳಿದಿರುವುದೇ ಎರಡು." ಹೀಗೆಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ದಂತವೈದ್ಯಕೀಯ ಕಲಿಸುವ ಪ್ರಾಧ್ಯಾಪಕರೊಬ್ಬರಿದ್ದರು. ಗೋಡೆಯ ಆಚೆ ಯಾರಾದರೂ ಹುರಿಗಡಲೆ ತಿನ್ನುತ್ತಿದ್ದರೆ, ಸದ್ದು ಕೇಳಿಯೇ ಯಾವ ಹಲ್ಲಿಗೆ ಹುಳುಕು ಹತ್ತಿದೆಯೆಂದು ಹೇಳುತ್ತಿದ್ದರು. ಅವರು ಬೀದಿಯಲ್ಲಿ ಬಂದರೆ ನಾಯಿಗಳು ಬೊಗಳುತ್ತಿರಲಿಲ್ಲ. ಬಾಯಿ ತೆರೆದರೆ ಹಿಡಿದು ಪರೀಕ್ಷೆ ಮಾಡಿಬಿಟ್ಟಾರು ಎಂಬ ಹೆದರಿಕೆ. ಇಲ್ಲಿಯವರೆಗಿನದನ್ನು ಅರ್ಧ ನಂಬಿದರೆ ಸಾಕು. ಮುಂದಿನದು ಪೂರ್ತಿ ನಿಜ.

ಒಂದು ಹಲ್ಲು ಹೋದ ಮೇಲೆ ಉಳಿದ ಹಲ್ಲುಗಳು ಏನು ಮಾಡುತ್ತವೆ ಎಂಬುದು ಅವರ ಸಂಶೋಧನೆ. ಅಕ್ಕಪಕ್ಕದವು ಬರಿದಾದ ಜಾಗದ ಕಡೆ ವಾಲುತ್ತವೆ. ಎದುರಿನದು ಜೊತೆಗಾರನನ್ನು ಹುಡುಕುವಂತೆ ಇಳಿದು ಬರುತ್ತದೆ. ಇದನ್ನು ಅಳೆಯಲು ಅವರು ನೂರಾರು ಜನರ ಬಾಯಿಯ ಅಚ್ಚನ್ನು ವರ್ಷವರ್ಷವೂ ಪ್ಲಾಸ್ಟರಿನಲ್ಲಿ ತೆಗೆದಿಟ್ಟರು. ಕೂಲಿಯವರಿರಲಿ, ಸಾಹುಕಾರರಿರಲಿ, ಅವರ ಬೀರುವಿನಲ್ಲಿ ಎಲ್ಲರ ಬಾಯಿಗೂ ಒಂದೇ ಅಳತೆಯ ಜಾಗ. ಬಂದವರ ನೋವನ್ನು ಮೊದಲು ಕೇಳುತ್ತಿದ್ದರು, ಹೆಸರನ್ನು ಆಮೇಲೆ. ಅದಕ್ಕೇ ಜನ ಅವರನ್ನು ಪ್ರೀತಿಸುತ್ತಿದ್ದರು.

ಒಂದು ದಿನ ಪ್ರಾಧ್ಯಾಪಕರಿಗೇ ಹಲ್ಲುನೋವು ಬಂತು. ಎಡಗಡೆ ಕೆಳದವಡೆ. ಅವರು ತರಗತಿಯಲ್ಲಿ ತಾವೇ ಹೋಗಿ ರೋಗಿಯ ಕುರ್ಚಿಯಲ್ಲಿ ಕುಳಿತರು.

"ಯಾರು ಕೀಳುತ್ತೀರಪ್ಪ? ನನಗಿಂತ ಒಳ್ಳೆಯ ರೋಗಿ ನಿಮಗೆ ಸಿಗುವುದಿಲ್ಲ. ಕೈ ನಡುಗಿದರೆ ತಕ್ಷಣ ಹೇಳುತ್ತೇನೆ."

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬ ಮಾತ್ರ ಸರಿಯಲಿಲ್ಲ. ಅವನಿಗೆ ಧೈರ್ಯವಿತ್ತೆಂದಲ್ಲ. ಹಿಂದೆ ಸರಿಯುವವರ ಸಾಲಿನಲ್ಲಿ ನಿಲ್ಲುವುದು ಅವನಿಗೆ ಅವಮಾನ.

ಅವನು ಸೂಜಿ ಚುಚ್ಚಿ ದವಡೆ ಮರಗಟ್ಟಿಸಿದ. ಇಕ್ಕಳ ಹಿಡಿದ. ಹುಳುಕು ಎರಡು ಹಲ್ಲುಗಳ ಸಂದಿಯಲ್ಲಿತ್ತು. ಯಾವುದೆಂದು ಕೇಳೋಣವೆಂದರೆ ಪ್ರಾಧ್ಯಾಪಕರ ನಾಲಿಗೆಯೂ ಮರಗಟ್ಟಿತ್ತು. ಸಹಪಾಠಿಗಳು ನೋಡುತ್ತಿದ್ದರು. ಅವನು ಒಂದನ್ನು ಹಿಡಿದು ಅಲುಗಿಸಿ ಕಿತ್ತ.

ಹಲ್ಲು ಕೈಗೆ ಬಂತು. ಬೇರು ಹಾಲಿನ ಬಣ್ಣಕ್ಕಿತ್ತು. ಎಲ್ಲಿಯೂ ಒಂದು ಕಲೆಯಿಲ್ಲ. ಹುಳುಕಿನದು ಪಕ್ಕದಲ್ಲಿ ಇದ್ದ ಹಾಗೇ ಇತ್ತು.

ಪ್ರಾಧ್ಯಾಪಕರು ಅಂಗೈ ಚಾಚಿದರು. ಕಿತ್ತ ಹಲ್ಲನ್ನು ನೋಡದೆ ಬಿಡುವವರಲ್ಲ ಅವರು.

"ಪುಡಿಯಾಯಿತು ಸರ್. ಪೂರ್ತಿ ಕೊಳೆತಿತ್ತು," ಎಂದ ಶಿಷ್ಯ, ಮುಷ್ಟಿ ಬಿಗಿಮಾಡಿಕೊಂಡು.

ಅವರು ಅವನ ಮುಷ್ಟಿಯನ್ನು ನೋಡಿದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಆ ಸಂಜೆ ಅವನು ಹಲ್ಲನ್ನು ಮೋರಿಗೆ ಎಸೆದ. ಸೂಜಿಯ ಗುಣ ಇಳಿದರೆ ನೋವು ಇದ್ದಲ್ಲೇ ಇರುತ್ತದೆ, ನಾಳೆ ನನ್ನ ಕತೆ ಮುಗಿಯಿತು ಎಂದುಕೊಂಡ. ಊಟ ಸೇರಲಿಲ್ಲ. ಮರುದಿನ ತರಗತಿಯಲ್ಲಿ ಯಾರೋ ಕೇಳಿಯೇಬಿಟ್ಟರು, ಹೇಗಿದೆ ಸರ್ ಎಂದು. ಪ್ರಾಧ್ಯಾಪಕರು ಕೆನ್ನೆ ಮುಟ್ಟಿಕೊಂಡು, "ಇವನ ಕೈ ಹಗುರ ಕಣ್ರಪ್ಪ. ಕಿತ್ತದ್ದೇ ಗೊತ್ತಾಗಲಿಲ್ಲ," ಎಂದರು. ಆ ಮಾತು ಸುಳ್ಳಲ್ಲ. ನೋವು ಹೋಯಿತೆಂದು ಅವರು ಹೇಳಲೇ ಇಲ್ಲ.

ಶಿಷ್ಯ ಕೇಳಿಸಿಕೊಂಡದ್ದು ಹಗುರ ಎಂಬ ಮಾತನ್ನು ಮಾತ್ರ. ಆ ವರ್ಷವೇ ಓದು ಮುಗಿಸಿ ಅದೇ ಊರಿನಲ್ಲಿ ವೈದ್ಯನಾದ. ಗುರುವಿನ ಹಲ್ಲು ಕಿತ್ತ ಕೈ ಎಂದು ಹೆಸರಾಯಿತು. ಮದುವೆಮನೆಯಲ್ಲಿ, ಮುಂಜಿಮನೆಯಲ್ಲಿ, ನಾಲ್ಕು ಜನ ಸೇರಿದಲ್ಲೆಲ್ಲ ಆ ಕತೆ ಹೇಳಿದ. ಹೇಳುತ್ತ ಹೇಳುತ್ತ ಹಲ್ಲಿಗೆ ಬೇರುಗಳು ಹೆಚ್ಚಿದವು. ಎರಡಿದ್ದದ್ದು ನಾಲ್ಕಾಯಿತು. ಕೊನೆಗೆ ಆಲದ ಮರದ ಹಾಗೆ ಬಿಳಲು ಇಳಿಬಿಟ್ಟಿತ್ತು ಎನ್ನುವವರೆಗೆ ಬಂತು. "ನಾನು ಕೀಳುವಾಗ ಸರ್ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಹೇಳಬೇಕಾಯಿತು, ಮನೆಗೆ ಹೋಗಿ ಅಂತ," ಎನ್ನುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗು ನಿಂತ ಮೇಲೆ ಅವನ ಬಾಯಿ ಒಣಗುತ್ತಿತ್ತು.

ವರ್ಷಕ್ಕೊಮ್ಮೆ ಗುರುವಿನ ಮನೆಗೆ ಹೋಗಿ ನಮಸ್ಕಾರ ಮಾಡುವುದನ್ನು ಅವನು ತಪ್ಪಿಸಲಿಲ್ಲ. ಹೋಗುವಾಗ ಒಂದು ಪೊಟ್ಟಣ ಕೋಡುಬಳೆ ಒಯ್ಯುತ್ತಿದ್ದ. ಮೊದಲ ವರ್ಷ ಪ್ರಾಧ್ಯಾಪಕರು ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲದ್ದನ್ನು ಖಚಿತ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು.

"ಒಂದು ಸಲ ನನ್ನ ಬಾಯಿ ನೋಡುತ್ತೀಯೇನಪ್ಪ?"

ನೋಡಿದರೆ ತಪ್ಪು ಕಾಣುತ್ತದೆ. ಕಂಡರೆ ಒಪ್ಪಿಕೊಳ್ಳಬೇಕು. ಅವನು ನಕ್ಕುಬಿಟ್ಟ.

"ನಿಮ್ಮ ಬಾಯಿಗೇನು ಸರ್, ಕಬ್ಬಿಣದ ಕಡಲೆ ಅಗಿಯುತ್ತೀರಿ. ತಗೊಳ್ಳಿ, ಕೋಡುಬಳೆ ತಿನ್ನಿ."

ಪ್ರಾಧ್ಯಾಪಕರು ಕೋಡುಬಳೆಯನ್ನು ಬೆರಳಲ್ಲಿ ತಿರುಗಿಸಿದರು. ತಟ್ಟೆಯಲ್ಲಿಟ್ಟರು. ಎರಡನೆಯ ವರ್ಷವೂ ಕೇಳಿದರು, ಮೂರನೆಯ ವರ್ಷವೂ ಕೇಳಿದರು. ಅವನು ಪ್ರತಿ ಸಲ ಒಂದು ತಮಾಷೆ ಮಾಡಿ ಎದ್ದುಬಂದ. ಹೀಗೆ ಹನ್ನೊಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಪ್ರಾಧ್ಯಾಪಕರ ಎದೆಬಡಿತ ನಿಂತಿತು ಎಂಬ ಸುದ್ದಿ ಬಂತು.

ಶ್ರದ್ಧಾಂಜಲಿ ಸಭೆ ಏರ್ಪಾಟಾಯಿತು. ಮುಖ್ಯ ಮಾತು ಇವನದೇ. ಹಿಂದಿನ ದಿನ ಪ್ರಾಧ್ಯಾಪಕರ ಹೆಂಡತಿ ಅವನನ್ನು ಮನೆಗೆ ಕರೆಸಿದರು. ಒಂದು ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟರು.

"ಉಳಿದವರ ಅಚ್ಚೆಲ್ಲ ಕಾಲೇಜಿನಲ್ಲಿದೆಯಪ್ಪ. ಇದನ್ನು ಮಾತ್ರ ಮನೆಯಲ್ಲೇ ಇಟ್ಟಿದ್ದರು, ಯಾರಿಗೂ ತೋರಿಸಲಿಲ್ಲ. ಅವರದೇ ಬಾಯಿಯಂತೆ. ಸಭೆಯಲ್ಲಿ ಇಡಬಹುದೇನೋ ನೋಡು."

ಅವನು ಅಚ್ಚುಗಳನ್ನು ವರ್ಷದ ಪ್ರಕಾರ ನೆಲದ ಮೇಲೆ ಜೋಡಿಸಿದ. ಹನ್ನೊಂದು ಇದ್ದವು. ಮೊದಲನೆಯದರಲ್ಲಿ ತಾನು ಮಾಡಿದ ಖಾಲಿ ಜಾಗವಿತ್ತು. ಅದರ ಪಕ್ಕದ ಹಲ್ಲಿನಲ್ಲಿ ರಾಗಿಕಾಳಿನಷ್ಟು ತೂತು. ಮುಂದಿನದರಲ್ಲಿ ಅದು ಜೋಳದಷ್ಟಾಗಿತ್ತು. ವರ್ಷದಿಂದ ವರ್ಷಕ್ಕೆ ಹುಳುಕಿನ ಹಲ್ಲು ಖಾಲಿ ಜಾಗದ ಕಡೆ ವಾಲುತ್ತ, ಒಡೆಯುತ್ತ, ಕೊನೆಯ ಅಚ್ಚಿನಲ್ಲಿ ಬರಿಯ ಮೋಟಾಗಿ ಉಳಿದಿತ್ತು. ಅವನು ಹಲ್ಲಿನ ವೈದ್ಯ. ಒಂದೊಂದು ವರ್ಷದ ನೋವು ಎಷ್ಟೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಅಮ್ಮ, ಸರ್ ಊಟ ಹೇಗೆ ಮಾಡುತ್ತಿದ್ದರು?" ಎಂದು ಕೇಳಿದ.

"ಎಡಗಡೆ ಅಗಿದದ್ದನ್ನು ನಾನು ನೋಡಲೇ ಇಲ್ಲ. ನೀನು ತರುತ್ತಿದ್ದ ಕೋಡುಬಳೆಯನ್ನು ಕುಟ್ಟಿ ಮೊಸರಲ್ಲಿ ನೆನೆಸಿ ಕೊಡುತ್ತಿದ್ದೆ. ಶಿಷ್ಯ ತಂದದ್ದು, ಬಿಸಾಡಬೇಡ ಅನ್ನುವರು. ಮುಖ ಊದಿದಾಗ ಲವಂಗದೆಣ್ಣೆ ಹತ್ತಿಯಲ್ಲಿ ಅದ್ದಿ ಕಚ್ಚಿಕೊಂಡು ಕೂರುವರು. ಊರಿಗೆಲ್ಲ ಹಲ್ಲು ಕೀಳುವುದನ್ನು ಕಲಿಸಿದಿರಿ, ನಿಮಗೆ ಒಬ್ಬ ಕೀಳುವವನು ಗತಿಯಿಲ್ಲವೇ ಅಂತ ನಾನು ಬೈದದ್ದೂ ಉಂಟು."

"ಅದಕ್ಕೇನೆಂದರು?"

"ಬೇರೆಯವರು ನೋಡಿದರೆ ಒಬ್ಬ ಹುಡುಗನ ಹೆಸರು ಹೋಗುತ್ತದೆ, ಅವನೇ ಬಂದು ನೋಡಲಿ ಅಂದರು. ಯಾವ ಹುಡುಗ ಅಂದರೆ ಬಾಯಿಬಿಡಲಿಲ್ಲ." ಆಕೆ ಸೆರಗಿನಿಂದ ಒಂದು ಅಚ್ಚಿನ ಧೂಳು ಒರೆಸಿದರು. "ಆ ಪುಣ್ಯಾತ್ಮ ಬರಲೇ ಇಲ್ಲ ನೋಡು."

ಅವನು ಅಚ್ಚುಗಳನ್ನು ಮತ್ತೆ ಡಬ್ಬಿಗೆ ತುಂಬಿಕೊಂಡು ಬಂದ.

ಮರುದಿನ ಸಭೆ ತುಂಬಿತ್ತು. ಅವನು ಎದ್ದು ನಿಂತಾಗ, ಹಳೆಯ ಕತೆ ಬರುತ್ತದೆಂದು ಜನ ನಗಲು ತಯಾರಾದರು. ಅವನು ಹನ್ನೊಂದು ಅಚ್ಚುಗಳನ್ನು ಮೇಜಿನ ಮೇಲಿಟ್ಟ. ಒಳ್ಳೆಯ ಹಲ್ಲು ಕಿತ್ತದ್ದು, ಮುಷ್ಟಿಯಲ್ಲಿ ಅಡಗಿಸಿದ್ದು, ಬಾಯಿ ನೋಡೆಂದು ಅವರು ಕೇಳಿದ್ದು, ತಾನು ತಮಾಷೆ ಮಾಡಿ ಎದ್ದುಬಂದದ್ದು, ಯಾವುದನ್ನೂ ಬಿಡದೆ ಹೇಳಿದ. ಕೊನೆಗೆ, ಪ್ರಾಧ್ಯಾಪಕರ ಪಟಕ್ಕೆ ಕೈಮುಗಿದು, "ನನ್ನನ್ನು ಕ್ಷಮಿಸಿ ಸರ್," ಎಂದ.

ಸಭೆಯಲ್ಲಿ ಕಣ್ಣೊರೆಸಿಕೊಳ್ಳದವರಿಲ್ಲ. ಮುಂದಿನ ಸಾಲಿನಲ್ಲಿದ್ದ ಪ್ರಾಧ್ಯಾಪಕರ ಹೆಂಡತಿ ಮಾತ್ರ ಅಚ್ಚುಗಳ ಕಡೆಗೇ ನೋಡುತ್ತಿದ್ದರು. ವಯಸ್ಸಾದವರು ವೇದಿಕೆ ಹತ್ತಿ ಅವನನ್ನು ಅಪ್ಪಿಕೊಂಡರು. ಇಂಥ ತಪ್ಪನ್ನು ಇಷ್ಟು ಜನರ ಎದುರು ಒಪ್ಪಿಕೊಳ್ಳಲು ಎಂಟೆದೆ ಬೇಕು ಎಂದರು. ಮಾರನೆಯ ದಿನ ಪತ್ರಿಕೆಯಲ್ಲಿ ಬಂತು. ಪ್ರಾಮಾಣಿಕ ವೈದ್ಯ ಎಂದು ದೂರದೂರಿನಿಂದ ರೋಗಿಗಳು ಹುಡುಕಿಕೊಂಡು ಬಂದರು. ಹನ್ನೊಂದು ವರ್ಷದ ಮೇಲೆ ಅವನಿಗೆ ಎದೆಯ ಭಾರ ಇಳಿದಂತಾಯಿತು. ಊಟ ರುಚಿಸಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಚನ್ನವೀರನ ಮುಖ ಸ್ವಲ್ಪ ಸಡಿಲವಾಗಿತ್ತು. "ಹಾಗಾದರೆ ಎಲ್ಲರೆದುರು ಒಪ್ಪಿಕೊಂಡರೆ ಆಯಿತು. ಅವನಿಗೆ ಕ್ಷಮೆ ಸಿಕ್ಕಿತಲ್ಲವೇ ಗುರುಗಳೇ?" ಎಂದ.

"ಪ್ರಾಧ್ಯಾಪಕರು ಹನ್ನೊಂದು ವರ್ಷ ಬಾಯಿ ನೋಡು ಅಂದದ್ದು ಕ್ಷಮೆ ಕೇಳು ಅಂತಲ್ಲ ಕಣಯ್ಯ, ಹಲ್ಲು ಕೀಳು ಅಂತ," ಎಂದರು ಗುರುಗಳು.